ಫಾರ್ಮ್ಯಾಟ್ ಬೇಡ, ಮೊದಲು ಶಿಫ್ಟ್ ಕೀ ಒತ್ತಿ: ಫೈರ್‌ಫಾಕ್ಸ್‌ನ ದುರಸ್ತಿ ಸೌಲಭ್ಯಗಳ ವಿಮರ್ಶೆ

ಬ್ರೌಸರ್‌ಗಳ ವಿಮರ್ಶೆಗಳಲ್ಲಿ ವೇಗದ ಮಾತೇ ಹೆಚ್ಚು. ಯಾವುದು ಬೇಗ ತೆರೆದುಕೊಳ್ಳುತ್ತದೆ, ಯಾವುದು ಕಡಿಮೆ ಮೆಮೊರಿ ಬಳಸುತ್ತದೆ, ಯಾವುದರ ರೂಪ ಚೆನ್ನಾಗಿದೆ ಎಂದು ಬರೆಯುತ್ತಾರೆ. ಗದಗಿನ ಮುಳಗುಂದ ನಾಕಾ ಹತ್ತಿರ ಆನ್‌ಲೈನ್ ಅರ್ಜಿ ತುಂಬಿಕೊಡುವ, ಝೆರಾಕ್ಸ್ ಮತ್ತು ಡಿಟಿಪಿ ಕೆಲಸದ ಅಂಗಡಿ ನನ್ನದು. ನಾನು ಬ್ರೌಸರ್‌ನ ಗುಣ ನೋಡುವುದು ಅದು ಕೆಟ್ಟ ದಿನ. ರಾತ್ರಿ ಅಪ್‌ಡೇಟ್ ಆಗಿ ಬೆಳಿಗ್ಗೆ ಕೆಲಸ ಮಾಡದೆ ಕುಳಿತಾಗ, ದೋಷ ಎಲ್ಲಿದೆ ಎಂದು ಹುಡುಕಲು ಅದು ನನಗೆ ಏನು ಕೊಡುತ್ತದೆ? ನನ್ನ ಮಾಹಿತಿಯನ್ನು ಎಲ್ಲಿ ಇಟ್ಟಿರುತ್ತದೆ? ಈ ಎರಡು ಪ್ರಶ್ನೆಗಳಿಗೆ ಫೈರ್‌ಫಾಕ್ಸ್ ಕೊಡುವ ಉತ್ತರ ನನಗೆ ಬಹಳ ಹಿಡಿಸಿದೆ. ಆ ಕಾರಣಕ್ಕೇ ಈ ಬರಹ.

ನಮ್ಮ ಊರಿನ ಕಡೆ ಕಂಪ್ಯೂಟರಿಗೆ ಏನೇ ಆದರೂ ಸಿದ್ಧವಾಗಿರುವ ಮದ್ದು ಒಂದೇ, ‘ಫಾರ್ಮ್ಯಾಟ್ ಹೊಡೆಯುವುದು’. ಬ್ರೌಸರ್ ತೆರೆಯಲಿಲ್ಲವೆಂದರೆ ಅದನ್ನು ಅಳಿಸಿ ಮತ್ತೆ ಹಾಕುತ್ತಾರೆ, ಅದಕ್ಕೂ ಬಗ್ಗದಿದ್ದರೆ ಇಡೀ ವಿಂಡೋಸ್ ಅಳಿಸುತ್ತಾರೆ. ಸಮಸ್ಯೆ ಹೋಗುತ್ತದೆ, ಜೊತೆಗೆ ವರ್ಷಗಟ್ಟಲೆ ಕೂಡಿಟ್ಟ ಬುಕ್‌ಮಾರ್ಕುಗಳು, ಪಾಸ್‌ವರ್ಡುಗಳು, ಡೌನ್‌ಲೋಡ್ ಮಾಡಿದ ಕಡತಗಳೂ ಹೋಗುತ್ತವೆ. ಹಳ್ಳಿಯಿಂದ ಬಂದವರಿಗೆ, ವಯಸ್ಸಾದವರಿಗೆ, ‘ಅದು ಹೋಯಿತು’ ಎಂದರೆ ಎದುರು ಕೇಳಲು ಬಾಯಿ ಬರುವುದಿಲ್ಲ. ನನಗೆ ಇದು ಸಹಿಸಲಾಗದ ವಿಷಯ. ಬೇರೆಯವರ ಮಾಹಿತಿಯನ್ನು ಅಳಿಸುವ ಮೊದಲು ಕಾಲು ಗಂಟೆ ಹುಡುಕಿ ನೋಡುವುದು ದುರಸ್ತಿ ಮಾಡುವವರ ಕರ್ತವ್ಯ ಎಂದೇ ನಾನು ತಿಳಿದಿದ್ದೇನೆ. ಅಪ್‌ಡೇಟ್ ಆದ ಮೇಲೆ ನಿಂತುಹೋದ ಫೈರ್‌ಫಾಕ್ಸ್ ಬಹುಪಾಲು ಸಂದರ್ಭಗಳಲ್ಲಿ ಆ ಕಾಲು ಗಂಟೆಯಲ್ಲೇ ಎದ್ದು ನಿಲ್ಲುತ್ತದೆ.

ನನ್ನಲ್ಲಿ ಮೂರು ಕಂಪ್ಯೂಟರುಗಳಿವೆ. ವಿಂಡೋಸ್ 11 ಇರುವುದು ಒಂದು, ವಿಂಡೋಸ್ 10 ಇರುವುದು ಇನ್ನೊಂದು. ಮೂರನೆಯದು ವಿಂಡೋಸ್ 7ರ ಹಳೆಯ ಯಂತ್ರ, ಹಳೆಯ ಪ್ರಿಂಟರ್ ಅದರ ಜೊತೆ ಮಾತ್ರ ಹೊಂದಿಕೊಳ್ಳುತ್ತದೆಂದು ಇಟ್ಟುಕೊಂಡಿದ್ದೇನೆ. ಮೂರರಲ್ಲೂ ಫೈರ್‌ಫಾಕ್ಸ್ ಇದೆ. ಪಕ್ಕದಲ್ಲಿ ಇನ್ನೊಂದು ಬ್ರೌಸರ್ ಇದ್ದೇ ಇರುತ್ತದೆ. ಒಂದು ನಿಂತರೆ ದೋಷ ಇಂಟರ್‌ನೆಟ್ಟಿನದೋ ಬ್ರೌಸರಿನದೋ ಎಂದು ತಿಳಿಯಲು ಎರಡನೆಯದು ಬೇಕೇ ಬೇಕು.

ಮೊದಲು ಒಂದು ಪ್ರಸಂಗವನ್ನು ಪೂರ್ತಿಯಾಗಿ ಹೇಳುತ್ತೇನೆ, ಏಕೆಂದರೆ ಫೈರ್‌ಫಾಕ್ಸ್‌ನ ಸೌಲಭ್ಯಗಳು ಹೇಗೆ ಒಂದರ ಹಿಂದೆ ಒಂದು ಕೆಲಸಕ್ಕೆ ಬರುತ್ತವೆ ಎಂಬುದು ಅದರಲ್ಲಿ ಚೆನ್ನಾಗಿ ಕಾಣುತ್ತದೆ. ಮುಂಗಾರಿನ ಹೆಸರು ಬೆಳೆಗೆ ವಿಮೆ ಕಟ್ಟುವ ದಿನಗಳು. ಬಾಗಿಲು ತೆರೆಯುವ ಮೊದಲೇ ಮುಂಡರಗಿ, ಲಕ್ಷ್ಮೇಶ್ವರ ಕಡೆಯ ರೈತರು ಆಧಾರ್, ಪಾಸ್‌ಬುಕ್ ಹಿಡಿದು ಮೆಟ್ಟಿಲ ಮೇಲೆ ಕುಳಿತಿದ್ದರು. ವಿಂಡೋಸ್ 10 ಯಂತ್ರದಲ್ಲಿ ಫೈರ್‌ಫಾಕ್ಸ್ ಹಿಂದಿನ ಸಂಜೆ ಹೊಸ ಆವೃತ್ತಿಗೆ ಏರಿತ್ತು. ಕಿಟಕಿ ತೆರೆಯಿತು, ಮೆನು ತೆರೆಯಿತು, ಬುಕ್‌ಮಾರ್ಕುಗಳು ಸಾಲಾಗಿ ಕಂಡವು. ಆದರೆ ಯಾವ ತಾಣಕ್ಕೆ ಹೋದರೂ ಸರ್ವರ್ ಸಿಗಲಿಲ್ಲ ಎಂಬ ಪುಟ. ಪಕ್ಕದ ಬ್ರೌಸರಿನಲ್ಲಿ ಎಲ್ಲ ತಾಣಗಳೂ ಸಲೀಸಾಗಿ ತೆರೆಯುತ್ತಿದ್ದವು.

“ಅಕ್ಕಾ, ಇದನ್ನು ತೆಗೆದು ಮತ್ತೆ ಹಾಕಿಬಿಡಲೇ?” ಎಂದಳು ನನ್ನ ಸಹಾಯಕಿ.

“ಬೇಡ ತಂಗಿ. ನೀನು ಆ ಬ್ರೌಸರಿನಲ್ಲಿ ಅರ್ಜಿ ತುಂಬುತ್ತಿರು, ಯಾರನ್ನೂ ವಾಪಸ್ ಕಳಿಸಬೇಡ. ನಾನು ಇದನ್ನು ನೋಡುತ್ತೇನೆ” ಎಂದೆ.

ಮೊದಲು ನೋಡಿದ್ದು ಪ್ರಾಕ್ಸಿ, ಅಂದರೆ ಇಂಟರ್‌ನೆಟ್ಟಿಗೆ ಹೋಗುವ ದಾರಿಯಲ್ಲಿ ನಡುವೆ ನಿಲ್ಲುವ ಸರ್ವರ್. ಸೆಟ್ಟಿಂಗ್ಸ್‌ನ ಮೊದಲ ಪುಟದ ತೀರ ಕೆಳಗೆ ನೆಟ್‌ವರ್ಕ್ ಸೆಟ್ಟಿಂಗ್ಸ್ ಇರುತ್ತದೆ. ಅಲ್ಲಿ ಯಾರಾದರೂ ಕೈಯಾರೆ ಪ್ರಾಕ್ಸಿ ವಿಳಾಸ ಬರೆದಿಟ್ಟಿದ್ದರೆ, ಆ ವಿಳಾಸ ಸತ್ತ ದಿನ ಫೈರ್‌ಫಾಕ್ಸ್ ಒಂದೇ ಕುರುಡಾಗುತ್ತದೆ, ಬೇರೆ ಬ್ರೌಸರ್‌ಗಳು ನಡೆಯುತ್ತಿರುತ್ತವೆ. ನಮ್ಮಲ್ಲಿ ಸಿಸ್ಟಂನ ಪ್ರಾಕ್ಸಿಯನ್ನೇ ಬಳಸು ಎಂದಿತ್ತು, ಅದು ಸರಿ. ಮುಂದೆ, ಫೈರ್‌ಫಾಕ್ಸ್ ಮುಚ್ಚಿ, ಶಿಫ್ಟ್ ಕೀಯನ್ನು ಒತ್ತಿ ಹಿಡಿದುಕೊಂಡೇ ಅದರ ಐಕಾನ್ ಮೇಲೆ ಕ್ಲಿಕ್ ಮಾಡಿದೆ. ಟ್ರಬಲ್‌ಶೂಟ್ ಮೋಡ್‌ನಲ್ಲಿ ತೆರೆಯಲೇ ಎಂದು ಕೇಳುವ ಚಿಕ್ಕ ಪೆಟ್ಟಿಗೆ ಬಂತು. ಹಿಂದೆ ಇದಕ್ಕೆ ಸೇಫ್ ಮೋಡ್ ಎಂಬ ಹೆಸರಿತ್ತು. ಈ ಸ್ಥಿತಿಯಲ್ಲಿ ಬ್ರೌಸರಿಗೆ ನಾವು ಸೇರಿಸಿಕೊಂಡ ಎಕ್ಸ್‌ಟೆನ್ಶನ್ ಎಂಬ ಪುಟ್ಟ ತಂತ್ರಾಂಶಗಳೆಲ್ಲ ತಾತ್ಕಾಲಿಕವಾಗಿ ನಿಲ್ಲುತ್ತವೆ, ಥೀಮ್ ಮೂಲ ರೂಪಕ್ಕೆ ಬರುತ್ತದೆ, ಗ್ರಾಫಿಕ್ಸ್ ಕಾರ್ಡಿನ ನೆರವು ಪಡೆಯುವ ಹಾರ್ಡ್‌ವೇರ್ ಆ್ಯಕ್ಸಿಲರೇಶನ್ ಕೂಡ ನಿಲ್ಲುತ್ತದೆ. ಏನನ್ನೂ ಅಳಿಸುವುದಿಲ್ಲ. ಮುಚ್ಚಿ ತೆರೆದರೆ ಎಲ್ಲವೂ ಮೊದಲಿನಂತೆಯೇ.

ಟ್ರಬಲ್‌ಶೂಟ್ ಮೋಡ್‌ನಲ್ಲೂ ಅದೇ ಪುಟ, ಸರ್ವರ್ ಸಿಗಲಿಲ್ಲ. ಇದು ಸೋಲಿನಂತೆ ಕಂಡರೂ ನನಗೆ ದೊಡ್ಡ ಸುಳಿವು. ಎಕ್ಸ್‌ಟೆನ್ಶನ್ ಅಲ್ಲ, ಥೀಮ್ ಅಲ್ಲ, ಗ್ರಾಫಿಕ್ಸ್ ಅಲ್ಲ ಎಂದರೆ ದೋಷ ಫೈರ್‌ಫಾಕ್ಸ್‌ನ ಹೊರಗೆ ಇರಬೇಕು. ವಿಳಾಸದ ಜಾಗದಲ್ಲಿ ‘ಅಬೌಟ್:ಥರ್ಡ್-ಪಾರ್ಟಿ’ ಎಂದು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದು ಎಂಟರ್ ಒತ್ತಿದೆ. ವಿಂಡೋಸ್‌ನಲ್ಲಿ ಫೈರ್‌ಫಾಕ್ಸ್ ಒಳಗೆ ಬಂದು ಕುಳಿತಿರುವ ಹೊರಗಿನವರ ತುಣುಕುಗಳನ್ನೆಲ್ಲ ಈ ಪುಟ ಹೆಸರು ಸಮೇತ ಪಟ್ಟಿ ಮಾಡುತ್ತದೆ. ನಾವು ಹಣ ಕೊಟ್ಟು ಹಾಕಿಸಿದ್ದ ಆ್ಯಂಟಿವೈರಸ್‌ನ ಹೆಸರು ಅಲ್ಲಿತ್ತು. ಅದು ತಪ್ಪಿತಸ್ಥ ಎಂದು ಆ ಪಟ್ಟಿ ಹೇಳುವುದಿಲ್ಲ, ಎಲ್ಲಿ ನೋಡಬೇಕೆಂದು ತೋರಿಸುತ್ತದೆ. ಆ್ಯಂಟಿವೈರಸ್ ತೆರೆದು ಅದರ ಫೈರ್‌ವಾಲ್ ಭಾಗಕ್ಕೆ ಹೋದೆ. ಇಂಟರ್‌ನೆಟ್ ಬಳಸಬಹುದಾದ ತಂತ್ರಾಂಶಗಳ ಪಟ್ಟಿಯಲ್ಲಿ ಫೈರ್‌ಫಾಕ್ಸ್ ಎರಡು ಸಾಲಿನಲ್ಲಿತ್ತು. ಮೇಲಿನ ಸಾಲು ಹಳೆಯ ಆವೃತ್ತಿಯದು, ಹಸಿರು ಗುರುತು. ಕೆಳಗಿನ ಸಾಲು ಹೊಸದು, ಕೆಂಪು ಗುರುತು.

ಫೈರ್‌ವಾಲ್‌ಗಳಲ್ಲಿ ಕೆಲವು ತಂತ್ರಾಂಶವನ್ನು ಹೆಸರು ನೋಡಿ ನಂಬುವುದಿಲ್ಲ, ಕಡತವನ್ನೇ ಪರೀಕ್ಷಿಸಿ ನಂಬುತ್ತವೆ. ಅಪ್‌ಡೇಟ್ ಆದಾಗ ಆ ಕಡತ ಬದಲಾಗುತ್ತದೆ. ನಿನ್ನೆಯವರೆಗೆ ನಂಬಿದ್ದ ಫೈರ್‌ಫಾಕ್ಸ್ ಇಂದು ಅವುಗಳ ಕಣ್ಣಿಗೆ ಅಪರಿಚಿತ. ಎಚ್ಚರಿಕೆಯ ದೃಷ್ಟಿಯಿಂದ ಈ ಕ್ರಮ ತಪ್ಪಲ್ಲ, ಏಕೆಂದರೆ ದುಷ್ಟ ತಂತ್ರಾಂಶವೂ ಫೈರ್‌ಫಾಕ್ಸ್ ಎಂಬ ಹೆಸರು ಇಟ್ಟುಕೊಂಡು ಬರಬಹುದು. ಆದರೆ ತಡೆದಿದ್ದೇನೆ ಎಂದು ತೆರೆಯ ಮೇಲೆ ಒಂದು ಸಾಲು ಹೇಳಬೇಕಿತ್ತು. ಆ ತಂತ್ರಾಂಶ ಸದ್ದಿಲ್ಲದೆ ತಡೆದಿತ್ತು. ಎರಡೂ ಸಾಲುಗಳನ್ನು ಅಳಿಸಿ ಫೈರ್‌ಫಾಕ್ಸ್ ಮತ್ತೆ ತೆರೆದೆ. ಈ ಬಾರಿ ಫೈರ್‌ವಾಲ್ ಅನುಮತಿ ಕೇಳಿತು, ಕೊಟ್ಟೆ, ಪುಟ ತೆರೆಯಿತು. ಫೈರ್‌ಫಾಕ್ಸ್ ತಯಾರಿಸುವ ಮೊಜಿಲ್ಲಾದ ಸಹಾಯ ಪುಟಗಳಲ್ಲೂ ಇದೇ ಸಲಹೆ ಇದೆ: ಪಟ್ಟಿಯಲ್ಲಿ ಫೈರ್‌ಫಾಕ್ಸ್‌ಗೆ ಅನುಮತಿ ಇರುವಂತೆ ಕಂಡರೂ ಅದನ್ನು ತೆಗೆದು ಹೊಸದಾಗಿ ಸೇರಿಸಿ ಎಂದು. ಅಳಿಸಿ ಮತ್ತೆ ಹಾಕಿದ್ದರೆ ಅದೇ ಹೊಸ ಆವೃತ್ತಿಯೇ ಬರುತ್ತಿತ್ತು, ಅದೇ ಕೆಂಪು ಗುರುತು ಅಲ್ಲಿಯೇ ಇರುತ್ತಿತ್ತು.

ಆ್ಯಂಟಿವೈರಸ್‌ನಿಂದಲೇ ಬರುವ ಇನ್ನೊಂದು ತೊಂದರೆಯನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ. ಕೆಲವು ಆ್ಯಂಟಿವೈರಸ್‌ಗಳು ಸುರಕ್ಷಿತ ತಾಣಗಳ ಸಂಪರ್ಕವನ್ನು ನಡುವೆ ತೆರೆದು ನೋಡಿ, ತಾಣ ನಿಜವಾದದ್ದೆಂದು ಸಾರುವ ಪ್ರಮಾಣಪತ್ರದ ಜಾಗದಲ್ಲಿ ತಮ್ಮದೇ ಪ್ರಮಾಣಪತ್ರ ಹಚ್ಚಿ ಮುಂದೆ ಕಳಿಸುತ್ತವೆ. ಫೈರ್‌ಫಾಕ್ಸ್ ನಂಬಬೇಕಾದ ಪ್ರಮಾಣಪತ್ರಗಳ ಪಟ್ಟಿಯನ್ನು ತಾನೇ ಇಟ್ಟುಕೊಂಡಿದೆ, ವಿಂಡೋಸ್‌ನ ಪಟ್ಟಿಯೊಂದನ್ನೇ ನೆಚ್ಚುವುದಿಲ್ಲ. ಹೀಗಾಗಿ ಬೇರೆ ಬ್ರೌಸರ್ ಸುಮ್ಮನೆ ಒಪ್ಪಿದ ತಾಣಕ್ಕೂ ಫೈರ್‌ಫಾಕ್ಸ್ ‘ಪ್ರಮಾಣಪತ್ರ ಕೊಟ್ಟವರು ಯಾರೆಂದು ಗೊತ್ತಿಲ್ಲ’ ಎಂಬ ಅರ್ಥದ ಎಚ್ಚರಿಕೆ ಕೊಡಬಹುದು. ಎಲ್ಲ ತಾಣಗಳಿಗೂ ಅದೇ ಎಚ್ಚರಿಕೆ ಬಂದರೆ ಎರಡು ಕಡೆ ನೋಡುತ್ತೇನೆ. ಒಂದು, ಆ್ಯಂಟಿವೈರಸ್‌ನ ಎಚ್‌ಟಿಟಿಪಿಎಸ್ ತಪಾಸಣೆ, ಅಂದರೆ ಸುರಕ್ಷಿತ ಸಂಪರ್ಕವನ್ನು ತೆರೆದು ನೋಡುವ ಸೌಲಭ್ಯ. ಇನ್ನೊಂದು, ತೆರೆಯ ಮೂಲೆಯಲ್ಲಿರುವ ಗಡಿಯಾರ. ಹಳೆಯ ಯಂತ್ರಗಳಲ್ಲಿ ಮದರ್‌ಬೋರ್ಡಿನ ಸಿಆರ್2032 ಸೆಲ್ ಖಾಲಿಯಾದರೆ, ಕರೆಂಟ್ ಹೋಗಿ ಬಂದಾಗಲೆಲ್ಲ ದಿನಾಂಕ ಎಷ್ಟೋ ವರ್ಷ ಹಿಂದಕ್ಕೆ ಓಡುತ್ತದೆ. ಆ ದಿನಾಂಕದ ಲೆಕ್ಕದಲ್ಲಿ ತಾಣದ ಪ್ರಮಾಣಪತ್ರ ಇನ್ನೂ ಹುಟ್ಟಿಯೇ ಇರುವುದಿಲ್ಲ. ಸೆಲ್ ಬದಲಿಸಿ ಸಮಯ ಸರಿಪಡಿಸಿದರೆ ಮುಗಿಯಿತು, ಅಪ್‌ಡೇಟನ್ನು ದೂರಬೇಕಾಗಿಲ್ಲ.

ಕಿಟಕಿಯೇ ತೆರೆಯದ ಸಂದರ್ಭ ಇದಕ್ಕಿಂತ ಸುಲಭ. ಫೈರ್‌ಫಾಕ್ಸ್ ಈಗಾಗಲೇ ನಡೆಯುತ್ತಿದೆ, ಆದರೆ ಸ್ಪಂದಿಸುತ್ತಿಲ್ಲ ಎಂಬ ಸಂದೇಶ ಬರುತ್ತದೆ, ಅಥವಾ ಏನೂ ಬರುವುದಿಲ್ಲ. ಹಳೆಯದು ಪೂರ್ತಿ ಮುಚ್ಚಿಲ್ಲ ಎಂದು ಅರ್ಥ. ಟಾಸ್ಕ್ ಮ್ಯಾನೇಜರ್ ತೆರೆದು ಫೈರ್‌ಫಾಕ್ಸ್ ಎಂದಿರುವುದನ್ನೆಲ್ಲ ಮುಗಿಸಿ, ಅಥವಾ ಕಂಪ್ಯೂಟರನ್ನೇ ಒಮ್ಮೆ ರೀಸ್ಟಾರ್ಟ್ ಮಾಡಿ ತೆರೆದರೆ ಸಾಕು. ಕಿಟಕಿ ತೆರೆದು ಒಳಗೆ ಬಿಳಿ ಅಥವಾ ಕಪ್ಪು ಬಣ್ಣ ಮಾತ್ರ ಕಂಡರೆ ನನ್ನ ಅನುಮಾನ ಹಳೆಯ ಗ್ರಾಫಿಕ್ಸ್ ಡ್ರೈವರಿನ ಮೇಲೆ. ಶಿಫ್ಟ್ ಹಿಡಿದು ತೆರೆದಾಗ ಸರಿಹೋದರೆ ಅನುಮಾನ ಇನ್ನೂ ಗಟ್ಟಿಯಾಗುತ್ತದೆ. ಆಗ ಎಕ್ಸ್‌ಟೆನ್ಶನ್‌ಗಳನ್ನು ಒಂದೊಂದಾಗಿ ನಿಲ್ಲಿಸಿ ನೋಡಬೇಕು. ಯಾವುದೂ ಕಾರಣವಲ್ಲ ಎಂದಾದರೆ ಸೆಟ್ಟಿಂಗ್ಸ್‌ನ ಪರ್ಫಾರ್ಮೆನ್ಸ್ ಭಾಗದಲ್ಲಿ ಶಿಫಾರಸು ಮಾಡಿದ ಸೆಟ್ಟಿಂಗ್ ಎಂಬ ಗುರುತು ತೆಗೆದು, ಕೆಳಗೆ ಕಾಣುವ ಹಾರ್ಡ್‌ವೇರ್ ಆ್ಯಕ್ಸಿಲರೇಶನ್ ಗುರುತನ್ನೂ ತೆಗೆಯಬೇಕು.

ಈ ಎಲ್ಲಕ್ಕಿಂತ ಜನ ಹೆಚ್ಚು ಗಾಬರಿಯಾಗುವುದು ಬೇರೆ ಸಂದರ್ಭದಲ್ಲಿ. ಬ್ರೌಸರ್ ಚೆನ್ನಾಗಿ ತೆರೆಯುತ್ತದೆ, ಆದರೆ ಖಾಲಿ. ಬುಕ್‌ಮಾರ್ಕಿಲ್ಲ, ಪಾಸ್‌ವರ್ಡಿಲ್ಲ, ನಿನ್ನೆ ನೋಡಿದ ತಾಣಗಳ ಸುಳಿವಿಲ್ಲ. ಬೆಟಗೇರಿಯ ನಿವೃತ್ತ ಮಾಸ್ತರರೊಬ್ಬರು ಹೀಗೆಯೇ ಲ್ಯಾಪ್‌ಟಾಪ್ ಚೀಲ ಎದೆಗೆ ಅವಚಿಕೊಂಡು ಅಂಗಡಿಗೆ ಬಂದರು. ಲಕ್ಕುಂಡಿಯ ದೇವಾಲಯಗಳು, ಬಾವಿಗಳು, ಶಾಸನಗಳ ಬಗ್ಗೆ ಸಿಕ್ಕ ಬರಹಗಳನ್ನೆಲ್ಲ ವರ್ಷಗಳಿಂದ ಬುಕ್‌ಮಾರ್ಕ್ ಮಾಡಿ, ಊರಿನ ಹೆಸರಿನ ಪ್ರಕಾರ ಫೋಲ್ಡರುಗಳಲ್ಲಿ ಜೋಡಿಸಿಕೊಂಡಿದ್ದರು. ಬ್ರೌಸರ್ ನಿಧಾನವಾಗಿದೆ ಎಂದು ಒಂದು ರಿಪೇರಿ ಅಂಗಡಿಗೆ ಕೊಟ್ಟಿದ್ದರು. ಅಲ್ಲಿ ಹಳೆಯ ಬಗೆಯ 32 ಬಿಟ್‌ನ ಫೈರ್‌ಫಾಕ್ಸ್ ತೆಗೆದು ಹೊಸ ಬಗೆಯ 64 ಬಿಟ್‌ನದು ಹಾಕಿಕೊಟ್ಟಿದ್ದರು. ಬುಕ್‌ಮಾರ್ಕ್ ಕೇಳಿದ್ದಕ್ಕೆ ಅವು ಹೋದವು, ಹಳೆಯದರ ಜೊತೆ ಅಳಿಸಿಹೋಗಿವೆ ಎಂಬ ಉತ್ತರ ಸಿಕ್ಕಿತ್ತು.

“ಎಲ್ಲವೂ ಹೋಯಿತಲ್ಲ ಅವ್ವ, ಮತ್ತೆ ಹುಡುಕುವಷ್ಟು ಕಣ್ಣಿನ ಶಕ್ತಿ ಉಳಿದಿಲ್ಲ” ಎಂದರು.

“ಹೋಗಿರಲಿಕ್ಕಿಲ್ಲ ಸರ್, ಕುಳಿತುಕೊಳ್ಳಿ. ಇದಾದ ಮೇಲೆ ನೀವು ಬ್ರೌಸರಿನಲ್ಲಿ ಏನನ್ನಾದರೂ ಅಳಿಸಿದ್ದೀರಾ?” ಎಂದು ಕೇಳಿದೆ. ಮುಟ್ಟಿಯೇ ಇಲ್ಲ ಎಂದರು.

ನಾನು ಅಷ್ಟು ಧೈರ್ಯದಿಂದ ಹೇಳಲು ಕಾರಣ ಫೈರ್‌ಫಾಕ್ಸ್‌ನ ರಚನೆ. ಅಪ್ಪ ಗದಗಿನ ಮುದ್ರಣಾಲಯದಲ್ಲಿ ಮೊಳೆ ಜೋಡಿಸುತ್ತಿದ್ದರು. ಅಚ್ಚಿನ ಯಂತ್ರ ಬದಲಾದರೂ ಅಚ್ಚುಮೊಳೆಗಳ ಪೆಟ್ಟಿಗೆ ತನ್ನ ಜಾಗದಲ್ಲೇ ಇರುತ್ತಿತ್ತು. ಫೈರ್‌ಫಾಕ್ಸ್‌ನಲ್ಲೂ ತಂತ್ರಾಂಶ ಬೇರೆ, ನಮ್ಮ ಮಾಹಿತಿ ಇರುವ ಪ್ರೊಫೈಲ್ ಎಂಬ ಫೋಲ್ಡರ್ ಬೇರೆ. ವಿಂಡೋಸ್‌ನಲ್ಲಿ ಇದು ಬಳಕೆದಾರರ ಆ್ಯಪ್‌ಡೇಟಾ, ಅದರೊಳಗೆ ರೋಮಿಂಗ್, ಮೊಜಿಲ್ಲಾ, ಫೈರ್‌ಫಾಕ್ಸ್, ಪ್ರೊಫೈಲ್ಸ್ ಎಂಬ ದಾರಿಯಲ್ಲಿ ಸಿಗುತ್ತದೆ. ತಂತ್ರಾಂಶವನ್ನು ಅನ್‌ಇನ್‌ಸ್ಟಾಲ್ ಮಾಡಿದರೂ ಸಾಮಾನ್ಯವಾಗಿ ಈ ಫೋಲ್ಡರ್ ಉಳಿಯುತ್ತದೆ. 2019ರಲ್ಲಿ ಬಂದ 67ನೆಯ ಆವೃತ್ತಿಯಿಂದ ಫೈರ್‌ಫಾಕ್ಸ್ ಪ್ರತಿ ಇನ್‌ಸ್ಟಾಲಿಗೂ ತನ್ನದೇ ಪ್ರೊಫೈಲ್ ಕೊಡುತ್ತದೆ. 32 ಬಿಟ್ ಮತ್ತು 64 ಬಿಟ್ ಬೇರೆ ಬೇರೆ ಫೋಲ್ಡರುಗಳಲ್ಲಿ ಕೂರುವುದರಿಂದ ಹೊಸದು ಹೊಸ ಪ್ರೊಫೈಲ್ ಹಿಡಿದು ತೆರೆದುಕೊಂಡಿರುತ್ತದೆ, ಹಳೆಯದು ಪಕ್ಕದಲ್ಲೇ ಸುಮ್ಮನೆ ಬಿದ್ದಿರುತ್ತದೆ.

ಮಾಸ್ತರರ ಲ್ಯಾಪ್‌ಟಾಪಿನಲ್ಲಿ ಪ್ರೊಫೈಲ್ಸ್ ಫೋಲ್ಡರ್ ತೆರೆದು ಅವರ ಕಡೆಗೇ ತಿರುಗಿಸಿದೆ. ಒಳಗೆ ಪ್ರೊಫೈಲುಗಳು ಸಾಲಾಗಿದ್ದವು. ಪ್ರತಿಯೊಂದರಲ್ಲೂ ‘ಪ್ಲೇಸಸ್’ ಎಂಬ ಹೆಸರಿನ ಎಸ್‌ಕ್ಯೂಲೈಟ್ ಕಡತವನ್ನು ಹುಡುಕಿ ಗಾತ್ರ ನೋಡಿದೆ. ಬುಕ್‌ಮಾರ್ಕುಗಳೂ ನೋಡಿದ ತಾಣಗಳ ಇತಿಹಾಸವೂ ಇರುವುದು ಅದೊಂದೇ ಕಡತದಲ್ಲಿ. ಹೊಸದಾಗಿ ಹುಟ್ಟಿದ ಪ್ರೊಫೈಲಿನಲ್ಲಿ ಅದರ ಗಾತ್ರ 5,120 ಕೆಬಿ. ವರ್ಷಗಟ್ಟಲೆ ಬಳಸಿದ್ದರೆ ಅದಕ್ಕಿಂತ ಎಷ್ಟೋ ದೊಡ್ಡದಾಗಿರುತ್ತದೆ. ಒಂದರಲ್ಲಿ ಸರಿಯಾಗಿ 5,120, ಇನ್ನೊಂದರಲ್ಲಿ ಅದರ ಹಲವು ಪಟ್ಟು. “ಸರ್, ಇಗೋ ನಿಮ್ಮ ಲಕ್ಕುಂಡಿ” ಎಂದೆ. ಮೊದಲು ಆ ಇಡೀ ಫೋಲ್ಡರನ್ನು ಪೆನ್‌ಡ್ರೈವಿಗೆ ನಕಲು ಮಾಡಿಕೊಂಡೆ. ಆಮೇಲೆ ವಿಳಾಸದ ಜಾಗದಲ್ಲಿ ‘ಅಬೌಟ್:ಪ್ರೊಫೈಲ್ಸ್’ ಎಂದು ಬರೆದು, ಬಂದ ಪುಟದಲ್ಲಿ ಹಳೆಯ ಪ್ರೊಫೈಲನ್ನು ಮುಖ್ಯ ಪ್ರೊಫೈಲ್ ಎಂದು ಗುರುತಿಸುವ ಗುಂಡಿ ಒತ್ತಿ, ಫೈರ್‌ಫಾಕ್ಸ್ ಮುಚ್ಚಿ ತೆರೆದೆ. ಫೋಲ್ಡರುಗಳು ಅವರು ಜೋಡಿಸಿದ್ದ ಕ್ರಮದಲ್ಲೇ ಎಡಗಡೆ ಸಾಲಾಗಿ ಬಂದವು. ಮಾಸ್ತರರು ಕನ್ನಡಕ ತೆಗೆದು ಒರೆಸಿಕೊಂಡು, ಮೊದಲ ಫೋಲ್ಡರಿನಿಂದ ಕೊನೆಯವರೆಗೆ ಒಂದೊಂದನ್ನೇ ತೆರೆದು ನೋಡಿದರು.

ಈ ಒಂದು ಗುಣಕ್ಕಾಗಿ ಫೈರ್‌ಫಾಕ್ಸನ್ನು ನಾನು ಎಷ್ಟು ಹೊಗಳಿದರೂ ಕಡಿಮೆಯೇ. ಆದರೆ ಇದೇ ಜಾಗದಲ್ಲಿ ನನ್ನ ತಕರಾರೂ ಇದೆ. ಹೊಸ ಪ್ರೊಫೈಲ್ ಹಿಡಿದು ತೆರೆದಾಗ ‘ನಿಮ್ಮ ಹಳೆಯ ಮಾಹಿತಿ ಇಂತಹ ಜಾಗದಲ್ಲಿ ಭದ್ರವಾಗಿದೆ, ತರಲೇ?’ ಎಂದು ಮೊದಲ ಪುಟದಲ್ಲೇ ದಪ್ಪ ಅಕ್ಷರದಲ್ಲಿ ಕೇಳಬೇಕು. ಅಬೌಟ್ ಪುಟಗಳ ದಾರಿ ನನ್ನಂತಹ ಅಂಗಡಿಯವರಿಗೆ ಗೊತ್ತು, ನಿವೃತ್ತ ಮಾಸ್ತರರಿಗೆ ಹೇಗೆ ಗೊತ್ತಾಗಬೇಕು? ಎರಡನೆಯ ತಕರಾರು ಆ ಚಿಕ್ಕ ಪೆಟ್ಟಿಗೆಯ ಬಗ್ಗೆ. ಶಿಫ್ಟ್ ಹಿಡಿದು ತೆರೆದಾಗ ‘ಓಪನ್’ ಪಕ್ಕದಲ್ಲೇ ‘ರಿಫ್ರೆಶ್ ಫೈರ್‌ಫಾಕ್ಸ್’ ಎಂಬ ಗುಂಡಿ ಇರುತ್ತದೆ. ರಿಫ್ರೆಶ್ ಎಂದರೆ ಪುಟವನ್ನು ಮತ್ತೆ ತರಿಸುವುದು ಎಂದೇ ಎಲ್ಲರೂ ತಿಳಿಯುತ್ತಾರೆ. ಇಲ್ಲಿ ಅದರ ಕೆಲಸ ದೊಡ್ಡದು. ಬುಕ್‌ಮಾರ್ಕ್, ಇತಿಹಾಸ, ಪಾಸ್‌ವರ್ಡ್, ಕುಕಿಗಳನ್ನು ಉಳಿಸಿಕೊಂಡು ಹೊಸ ಪ್ರೊಫೈಲ್ ಮಾಡುತ್ತದೆ, ಎಕ್ಸ್‌ಟೆನ್ಶನ್‌ಗಳನ್ನೂ ನಾವು ಬದಲಿಸಿಕೊಂಡ ಸೆಟ್ಟಿಂಗ್‌ಗಳನ್ನೂ ತೆಗೆದುಹಾಕುತ್ತದೆ. ಹಳೆಯ ಪ್ರೊಫೈಲನ್ನು ಡೆಸ್ಕ್‌ಟಾಪಿನ ಮೇಲೆ ‘ಓಲ್ಡ್ ಫೈರ್‌ಫಾಕ್ಸ್ ಡೇಟಾ’ ಎಂಬ ಫೋಲ್ಡರಿನಲ್ಲಿ ಇಟ್ಟು ಹೋಗುತ್ತದೆ, ಅಷ್ಟು ಒಳ್ಳೆಯತನ ಅದಕ್ಕಿದೆ. ಆದರೂ ಇದು ಕೊನೆಯ ಮದ್ದು, ಮೊದಲ ಮದ್ದಿನ ಪಕ್ಕದಲ್ಲಿ ಇಡಬಾರದು. ಡೆಸ್ಕ್‌ಟಾಪಿನಲ್ಲಿ ಆ ಹೆಸರಿನ ಫೋಲ್ಡರ್ ಕಂಡರೆ ಬೇಡದ್ದೆಂದು ಎಸೆಯಬೇಡಿ, ಎಲ್ಲವೂ ಸರಿಯಾಗಿದೆ ಎಂದು ಖಾತ್ರಿಯಾಗುವವರೆಗೆ ಇರಲಿ.

ಅಪ್‌ಡೇಟ್‌ನಿಂದಲೇ ತೊಂದರೆಯಾದರೆ ಹಳೆಯ ಆವೃತ್ತಿಗೆ ಮರಳಬಾರದೇ ಎಂದು ಬಹಳ ಜನ ಕೇಳುತ್ತಾರೆ. ಮರಳಬೇಡಿ ಎಂದೇ ನನ್ನ ಉತ್ತರ. ಹೊಸ ಆವೃತ್ತಿ ಬಳಸಿದ ಪ್ರೊಫೈಲನ್ನು ಹಳೆಯ ಆವೃತ್ತಿಯಲ್ಲಿ ತೆರೆದರೆ ಬುಕ್‌ಮಾರ್ಕ್, ಇತಿಹಾಸ ಕೆಡುವ ಸಾಧ್ಯತೆ ಇದೆ. ಹಾಗಾಗಿ ಫೈರ್‌ಫಾಕ್ಸ್ ಎಚ್ಚರಿಕೆ ಕೊಟ್ಟು ಹೊಸ ಪ್ರೊಫೈಲ್ ಮಾಡಲು ಹೇಳುತ್ತದೆ. ಅಪ್‌ಡೇಟನ್ನೇ ನಿಲ್ಲಿಸಿ ಕುಳಿತವರಿಗೂ ಪಾಠವಾಗುವ ಸಂಗತಿ 2025ರ ಮಾರ್ಚ್ 14ರಂದು ನಡೆಯಿತು. ಫೈರ್‌ಫಾಕ್ಸ್ ತನ್ನ ಎಕ್ಸ್‌ಟೆನ್ಶನ್‌ಗಳನ್ನು ಪರಿಶೀಲಿಸಲು ಬಳಸುತ್ತಿದ್ದ ಒಂದು ಮೂಲ ಪ್ರಮಾಣಪತ್ರದ ಅವಧಿ ಅಂದು ಮುಗಿಯಿತು. 128ನೆಯ ಆವೃತ್ತಿಗಿಂತ ಹಿಂದಿನದನ್ನು, ದೀರ್ಘಾವಧಿ ಬೆಂಬಲದ ಇಎಸ್‌ಆರ್ ಸಾಲಿನಲ್ಲಾದರೆ 115.13ಕ್ಕಿಂತ ಹಿಂದಿನದನ್ನು ಇಟ್ಟುಕೊಂಡವರಿಗೆ ಎಕ್ಸ್‌ಟೆನ್ಶನ್‌ಗಳು ಕೈಕೊಡುತ್ತವೆ ಎಂದು ಮೊಜಿಲ್ಲಾ ಮೊದಲೇ ಎಚ್ಚರಿಸಿತ್ತು. ಏನನ್ನೂ ಮುಟ್ಟದೆ ಇದ್ದರೂ ಬ್ರೌಸರ್ ಹಾಗೆಯೇ ಉಳಿಯುವುದಿಲ್ಲ.

ಫೈರ್‌ಫಾಕ್ಸ್ ತಾನೇ ಕೆಟ್ಟ ದಿನಗಳೂ ಇವೆ, ಅದನ್ನು ಮುಚ್ಚಿಡುವುದು ನ್ಯಾಯವಲ್ಲ. 2022ರ ಜನವರಿ 13ರಂದು ಜಗತ್ತಿನ ನಾನಾ ಕಡೆ ಫೈರ್‌ಫಾಕ್ಸ್ ಪುಟಗಳನ್ನು ತೆರೆಯದೆ ನಿಂತಿತ್ತು. ತಾಣಗಳ ಜೊತೆ ಮಾತನಾಡುವ ಎಚ್‌ಟಿಟಿಪಿ3 ಎಂಬ ವಿಧಾನಕ್ಕೆ ಸಂಬಂಧಿಸಿದ ಕೋಡಿನಲ್ಲಿ ಅಡಗಿದ್ದ ಒಂದು ದೋಷ, ಹೊರಗಿನ ಕ್ಲೌಡ್ ಸೇವೆಯೊಂದರ ಬದಲಾವಣೆಯಿಂದ ಎದ್ದು, ಬ್ರೌಸರನ್ನು ಮುಗಿಯದ ಸುತ್ತಿಗೆ ಸಿಕ್ಕಿಸಿತ್ತು. ಏನಾಯಿತು, ಏಕಾಯಿತು ಎಂದು ಮೊಜಿಲ್ಲಾ ನಂತರ ವಿವರವಾಗಿ ಬರೆದು ಪ್ರಕಟಿಸಿತು. ಹೀಗೆ ಬರೆದು ತಿಳಿಸುವ ಅಭ್ಯಾಸವನ್ನು ನಾನು ಗೌರವಿಸುತ್ತೇನೆ. ಎಲ್ಲರದ್ದೂ ಏಕಕಾಲಕ್ಕೆ ನಿಂತಿದ್ದರೆ ನಮ್ಮ ಯಂತ್ರವನ್ನು ಬಿಚ್ಚುವ ಮೊದಲು ಇನ್ನೊಂದು ಬ್ರೌಸರಿನಲ್ಲಿ ಸುದ್ದಿ ನೋಡುವುದು ಒಳ್ಳೆಯದು ಎಂದು ಆ ಘಟನೆಯಿಂದ ತಿಳಿಯಬೇಕು.

ಕ್ರೋಮ್ ಜೊತೆ ಹೋಲಿಸಿ ಹೇಳಿ ಎನ್ನುವವರಿಗೆ ಒಂದು ಮುಖ್ಯ ವ್ಯತ್ಯಾಸ ಹೇಳಬಲ್ಲೆ. ಕ್ರೋಮ್ ವಿಂಡೋಸ್‌ನಲ್ಲಿ ಪಾಸ್‌ವರ್ಡುಗಳನ್ನು ಆ ಯಂತ್ರದ ಬಳಕೆದಾರರ ಖಾತೆಗೆ ಬಿಗಿದು ಗೂಢಗೊಳಿಸುತ್ತದೆ. ಅದರ ಫೋಲ್ಡರನ್ನು ಬೇರೆ ಯಂತ್ರಕ್ಕೆ ನಕಲು ಮಾಡಿದರೆ ಪಾಸ್‌ವರ್ಡುಗಳು ತೆರೆಯುವುದಿಲ್ಲ, ಗೂಗಲ್ ಖಾತೆಗೆ ಸಿಂಕ್ ಮಾಡಿದ್ದರೆ ಮಾತ್ರ ಮರಳಿ ಬರುತ್ತವೆ. ಫೈರ್‌ಫಾಕ್ಸ್‌ನಲ್ಲಿ ‘ಲಾಗಿನ್ಸ್’ ಮತ್ತು ‘ಕೀ4’ ಎಂಬ ಎರಡು ಕಡತಗಳನ್ನು ಜೊತೆಯಾಗಿ ಒಯ್ದರೆ ಯಾವ ಯಂತ್ರದಲ್ಲಾದರೂ ಪಾಸ್‌ವರ್ಡುಗಳು ಸಿಗುತ್ತವೆ. ಒಂದನ್ನೇ ಒಯ್ದರೆ ಪ್ರಯೋಜನವಿಲ್ಲ. ದುರಸ್ತಿಗೆ ಇದು ದೊಡ್ಡ ಅನುಕೂಲ, ಕಳ್ಳರಿಗೂ ಅಷ್ಟೇ ಅನುಕೂಲ. ನನ್ನಂತಹ ಅಂಗಡಿಯಲ್ಲಿ ದಿನವಿಡೀ ಪೆನ್‌ಡ್ರೈವ್‌ಗಳು ಹಾಕಿ ತೆಗೆಯುತ್ತಲೇ ಇರುತ್ತವೆ. ಹಾಗಾಗಿ ಸೆಟ್ಟಿಂಗ್ಸ್‌ನಲ್ಲಿ, ಉಳಿದ ಪಾಸ್‌ವರ್ಡುಗಳಿಗೆಲ್ಲ ಬೀಗವಾಗುವ ಪ್ರೈಮರಿ ಪಾಸ್‌ವರ್ಡ್ ಇಟ್ಟೇ ಇಡಬೇಕು. ಅದಿದ್ದರೆ ಆ ಎರಡು ಕಡತ ಕದ್ದವರಿಗೂ ಒಳಗಿನದು ಸುಲಭವಾಗಿ ಸಿಗುವುದಿಲ್ಲ. ಗಿರಾಕಿಗಳ ಪಾಸ್‌ವರ್ಡನ್ನಂತೂ ನಾನು ಯಾವ ಬ್ರೌಸರಿನಲ್ಲೂ ಉಳಿಸುವುದಿಲ್ಲ. ಅವರ ಕೆಲಸ ಖಾಸಗಿ ಕಿಟಕಿಯಲ್ಲಿ ನಡೆಯುತ್ತದೆ, ಕಿಟಕಿ ಮುಚ್ಚಿದರೆ ಅದೂ ಮುಗಿಯುತ್ತದೆ.

ಫೈರ್‌ಫಾಕ್ಸ್ ಈಗ ನಾಲ್ಕು ವಾರಕ್ಕೊಮ್ಮೆ ಹೊಸ ಆವೃತ್ತಿ ಬಿಡುತ್ತದೆ. ಅರ್ಜಿಗಳ ಕೊನೆಯ ದಿನಗಳಲ್ಲಿ ರೂಪ ಬದಲಾಗುವುದು ನನಗೆ ಬೇಡ. ಹಾಗಾಗಿ ಕೌಂಟರಿನ ಯಂತ್ರದಲ್ಲಿ ಇಎಸ್‌ಆರ್ ಹಾಕಿದ್ದೇನೆ. ಇದರಲ್ಲಿ ಭದ್ರತೆಯ ತಿದ್ದುಪಡಿಗಳು ಬರುತ್ತಲೇ ಇರುತ್ತವೆ, ದೊಡ್ಡ ಬದಲಾವಣೆಗಳು ಸುಮಾರು ವರ್ಷಕ್ಕೊಮ್ಮೆ ಮಾತ್ರ. 2024ರ ಜುಲೈನಲ್ಲಿ 128, 2025ರ ಜೂನ್‌ನಲ್ಲಿ 140 ಹೀಗೆ ಬಂದವು. ಸೇವಾ ಕೇಂದ್ರ, ಗ್ರಂಥಾಲಯ, ಶಾಲೆಯ ಕಂಪ್ಯೂಟರ್ ಕೊಠಡಿಗಳಿಗೆ ಇದನ್ನೇ ಹಾಕಿ ಎಂದು ಧೈರ್ಯದಿಂದ ಹೇಳುತ್ತೇನೆ. ಪ್ರೊಫೈಲ್ ಫೋಲ್ಡರ್ ಎಲ್ಲಿದೆ ಎಂದು ಹುಡುಕಾಡುವ ಅಗತ್ಯವೂ ಇಲ್ಲ. ‘ಅಬೌಟ್:ಸಪೋರ್ಟ್’ ಪುಟದಲ್ಲಿ ಆ ಫೋಲ್ಡರ್ ತೆರೆಯುವ ಗುಂಡಿ ಇದೆ, ಹಿಂದಿನ ಅಪ್‌ಡೇಟ್‌ಗಳ ಇತಿಹಾಸ ತೋರಿಸುವ ಗುಂಡಿ ಇದೆ, ಬೇಗ ತೆರೆಯಲೆಂದು ಕೂಡಿಟ್ಟ ತಾತ್ಕಾಲಿಕ ಕಡತಗಳನ್ನು (ಸ್ಟಾರ್ಟಪ್ ಕ್ಯಾಶ್) ಅಳಿಸುವ ಗುಂಡಿ ಇದೆ, ಬುಕ್‌ಮಾರ್ಕ್ ಕಡತ ಗಟ್ಟಿಯಾಗಿದೆಯೇ ಎಂದು ಪರೀಕ್ಷಿಸುವ ಗುಂಡಿಯೂ ಇದೆ. ಬುಕ್‌ಮಾರ್ಕುಗಳ ಬ್ಯಾಕಪ್‌ಗಳನ್ನು ಫೈರ್‌ಫಾಕ್ಸ್ ತಾನಾಗಿಯೇ ಮಾಡಿ, ಇತ್ತೀಚಿನ 15ರವರೆಗೆ ಇಟ್ಟುಕೊಂಡಿರುತ್ತದೆ. ಬುಕ್‌ಮಾರ್ಕುಗಳನ್ನು ನಿರ್ವಹಿಸುವ ಕಿಟಕಿಯಲ್ಲಿ ರಿಸ್ಟೋರ್ ಒತ್ತಿದರೆ ದಿನಾಂಕ ಸಮೇತ ಪಟ್ಟಿ ಕಾಣುತ್ತದೆ.

ಉಳಿದಿರುವುದು ಮೂಲೆಯ ವಿಂಡೋಸ್ 7 ಯಂತ್ರ. ಕ್ರೋಮ್ ಆ ವಿಂಡೋಸನ್ನು 109ನೆಯ ಆವೃತ್ತಿಗೇ ಬಿಟ್ಟಿತು. ಫೈರ್‌ಫಾಕ್ಸ್ 2023ರ 115 ಇಎಸ್‌ಆರ್‌ನಲ್ಲಿ ನಿಲ್ಲಿಸಿ, ಆಮೇಲೂ ಅದಕ್ಕೆ ಭದ್ರತೆಯ ತಿದ್ದುಪಡಿಗಳನ್ನು ಅವಧಿ ವಿಸ್ತರಿಸಿ ಕೊಡುತ್ತ ಬಂತು. ಹಳೆಯ ಯಂತ್ರ ಬದಲಿಸಲು ಹಣವಿಲ್ಲದವರ ಮೇಲಿನ ಈ ಕಾಳಜಿಗೆ ನಾನು ಋಣಿ. ಆದರೆ ವಿಂಡೋಸ್ 7ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2020ರ ಜನವರಿ 14ಕ್ಕೇ ಮುಗಿದಿದೆ, ಬ್ರೌಸರ್ ಎಷ್ಟೇ ಗಟ್ಟಿಯಿದ್ದರೂ ಕೆಳಗಿನ ನೆಲ ಗಟ್ಟಿಯಿಲ್ಲ. ವಿಂಡೋಸ್ 10ರ ಸಾಮಾನ್ಯ ಬೆಂಬಲವೂ 2025ರ ಅಕ್ಟೋಬರ್ 14ಕ್ಕೆ ಮುಗಿದಿರುವುದರಿಂದ ನನ್ನ ಎರಡನೆಯ ಯಂತ್ರಕ್ಕೂ ದಾರಿ ಹುಡುಕಬೇಕು. ಸದ್ಯಕ್ಕೆ ಮೂಲೆಯ ಯಂತ್ರದಲ್ಲಿ ಬ್ಯಾಂಕ್, ಆಧಾರ್ ಕೆಲಸ ಮಾಡುವುದಿಲ್ಲ, ಅದು ಪ್ರಿಂಟಿಗೆ ಮಾತ್ರ. ಅದರ ಪ್ರೊಫೈಲ್ ಫೋಲ್ಡರನ್ನು ನಕಲು ಮಾಡಿ ಇಟ್ಟಿದ್ದೇನೆ, ವಿಂಡೋಸ್ ಬದಲು ಲಿನಕ್ಸ್ ಹಾಕಿದ ದಿನ ಅದೇ ಬುಕ್‌ಮಾರ್ಕುಗಳು ಅಲ್ಲಿಯೂ ತೆರೆಯುತ್ತವೆ. ಹಳೆಯ ಪ್ರಿಂಟರ್ ಲಿನಕ್ಸ್ ಜೊತೆ ನಡೆಯುತ್ತದೆಯೇ ಎಂದು ಮೊದಲು ಪೆನ್‌ಡ್ರೈವಿನಿಂದ ಬೂಟ್ ಮಾಡಿ ಪರೀಕ್ಷಿಸಬೇಕು. ಅರ್ಜಿಗಳ ಗದ್ದಲ ಕಡಿಮೆಯಾದ ಮೇಲೆ ಒಂದು ಭಾನುವಾರ ಅದನ್ನು ಮಾಡುತ್ತೇನೆ.